ಕೈಯಾರೆ ಮಾಡಿ, ಬಾಯಾರೆ ಆಡಿ ಕಲಿಯುವ ಪಾಠ

ಕಳೆದ ವರ್ಷ ದೀಪಾವಳಿಯ ನಿರ್ವಾಣ ಪೂಜೆ ಮುಗಿಸಿಕೊಂಡು, ಹೊಸೂರಿಗೆ ಕೆಲವೇ ಮೈಲಿ ದೂರದ ಹಳ್ಳಿಯಲ್ಲಿರುವ ನನ್ನ ತಂಗಿಯ ಮನೆಗೆ ಹೋಗಿದ್ದೆ. ತಮಿಳುನಾಡಿನ ಗಡಿಯೊಳಗಿದ್ದರೂ ಆ ಹಳ್ಳಿಯಲ್ಲಿ ಮನೆಮಾತು ಕನ್ನಡ, ಇಲ್ಲವೆ ತೆಲುಗು. ಬಸ್ಸಿನ ಬೋರ್ಡು ತಮಿಳು. ಸಂತೆಯಲ್ಲಿ ಮೂರೂ ಭಾಷೆ. ತಂಗಿಯ ಮೊಮ್ಮಗ ಹೊಸೂರಿನ ಒಂದು ಇಂಗ್ಲಿಷ್ ಶಾಲೆಯಲ್ಲಿ ಮೂರನೆಯ ತರಗತಿ. ಅವನನ್ನು ಕರೆದೊಯ್ಯಲು ಬೆಳಿಗ್ಗೆ ಏಳೂವರೆಗೆ ವ್ಯಾನು ಬರುತ್ತದೆ. ಪಕ್ಕದ ಮನೆಯ ಹುಡುಗನೂ ಮೂರನೆಯ ತರಗತಿಯೇ, ಆದರೆ ಊರಿನ ಸರಕಾರಿ ಕನ್ನಡ ಶಾಲೆ. ಅವನ ತಂದೆ ಗುತ್ತಿಗೆ ಜಮೀನಿನಲ್ಲಿ ಗುಲಾಬಿ ಬೆಳೆಯುವವರು.

ಒಂದು ಸಾಯಂಕಾಲ ಈ ಹುಡುಗ ನಮ್ಮ ಜಗಲಿಯ ಮೇಲೆ ಕುಳಿತು, ತಂಗಿಯ ಮನೆಯ ಹಳೆಯ ಪಡಿಯಲ್ಲಿ ರಾಗಿ ತುಂಬಿ, ಅದನ್ನು ಲೋಟದಿಂದ ಅಳೆಯುತ್ತಿದ್ದ. ಏನಪ್ಪ ಇದು ಎಂದೆ.

"ನಮ್ಮ ಕ್ಲಾಸಲ್ಲಿ ಜಗಳಾನೇ ಆಯ್ತು ತಾತ. ಒಂದು ಪಡಿ ರಾಗಿಗೆ ನನ್ನ ಲೋಟದಲ್ಲಿ ಎಂಟು ಬಂತು. ಇನ್ನೊಬ್ಬಳಿಗೆ ಆರೇ ಬಂತು. ಯಾರದು ಸರಿ ಅಂತ ಮಿಸ್ಸು ಹೇಳಲೇ ಇಲ್ಲ. ನೀವೇ ಮಾತಾಡಿಕೊಳ್ಳಿ ಅಂದರು."

ಮಕ್ಕಳು ಮಾತಾಡಿಕೊಂಡರಂತೆ. ಲೋಟ ದೊಡ್ಡದಾದರೆ ಎಣಿಕೆ ಕಡಿಮೆಯಾಗುತ್ತದೆ ಎಂದು ಒಬ್ಬ ಕಂಡುಹಿಡಿದ. ಹಾಗಾದರೆ ಎಲ್ಲರೂ ಒಂದೇ ಲೋಟ ಹಿಡಿಯೋಣ ಎಂದರು. ಆಗಲೂ ಲೆಕ್ಕ ಕೂಡಲಿಲ್ಲ. ಒಬ್ಬರು ಲೋಟದ ಮೇಲೆ ಗೋಪುರವಾಗುವಂತೆ ತುಂಬಿದ್ದರು, ಇನ್ನೊಬ್ಬರು ಕೈಯಿಂದ ತಲೆ ಒರೆಸಿ ಸಮ ಮಾಡಿದ್ದರು. "ಅಂಗಡಿಯವರು ನಮ್ಮಿಂದ ತಗೊಳ್ಳುವಾಗ ಗೋಪುರ, ನಮಗೆ ಕೊಡುವಾಗ ಸಮ" ಎಂದು ಹಿಂದಿನ ಸಾಲಿನ ಹುಡುಗಿಯೊಬ್ಬಳು ಹೇಳಿದಳಂತೆ. ಆಮೇಲೆ ಟೀಚರು ಲೀಟರಿನ ಅಳತೆಯನ್ನು ತಂದು ತೋರಿಸಿದರು.

ಇದನ್ನು ಕೇಳುತ್ತಿದ್ದ ನನಗೆ ಬೇರೊಂದು ವಿಷಯ ನೆನಪಾಯಿತು. ಅಚೌರ್ಯ ವ್ರತದ ಐದು ಅತಿಚಾರಗಳಲ್ಲಿ ಕೊಳ್ಳುವಾಗ ಹೆಚ್ಚಿನ ಅಳತೆ, ಕೊಡುವಾಗ ಕಡಿಮೆ ಅಳತೆ ಇಡುವುದೂ ಒಂದೆಂದು ನಾವೆಲ್ಲ ಪಾಠಶಾಲೆಯಲ್ಲಿ ಬಾಯಿಪಾಠ ಮಾಡಿದವರು. ತಂಗಿಯ ಮೊಮ್ಮಗನೂ ಆ ಐದನ್ನೂ ತಡವರಿಸದೆ ಒಪ್ಪಿಸುತ್ತಾನೆ. ಅದರ ಅರ್ಥ ಈ ರಾಗಿಯ ಗೋಪುರದಲ್ಲಿದೆ ಎಂದು ನಾನು ಹೇಳಿದಾಗ ಅವನು ಕಣ್ಣರಳಿಸಿ ನೋಡಿದ. ತಪ್ಪು ಹುಡುಗನದಲ್ಲ. ಅವನಿಗೆ ಯಾರೂ ಒಂದು ಪಡಿ ರಾಗಿ ಕೊಟ್ಟಿರಲಿಲ್ಲ.

ನಾನು ಇಷ್ಟು ಸಂತೋಷಪಡುತ್ತಿರುವಾಗಲೇ ಹುಡುಗನ ತಂದೆ ಬಂದರು. ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕನೆಂದು ಅವರಿಗೆ ಗೊತ್ತು. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ, ಕೊನೆಗೆ ಕೇಳಿದರು:

"ಮೇಷ್ಟ್ರೇ, ಇವನನ್ನ ನಿಮ್ಮ ಹುಡುಗ ಹೋಗೋ ಶಾಲೆಗೆ ಹಾಕೋಣಾಂತ ಸಾಲಕ್ಕೆ ಓಡಾಡ್ತಿದ್ದೀನಿ. ಇವನ ಬ್ಯಾಗಲ್ಲಿ ಪುಸ್ತಕಾನೇ ಇಲ್ಲ, ಹೋಂವರ್ಕೂ ಇಲ್ಲ. ದುಡ್ಡಿದ್ದೋರ ಮಕ್ಕಳಿಗೆ ಪುಸ್ತಕದ ಪಾಠ, ನಮ್ಮ ಮಕ್ಕಳಿಗೆ ರಾಗಿ ಅಳೆಯೋ ಪಾಠ. ರಾಗಿ ಅಳೆಯೋಕೆ ಶಾಲೆ ಯಾಕೆ? ಮನೇಲಿ ನಾನೇ ಕಲಿಸಲ್ವಾ?"

ನಾನು ತಕ್ಷಣ ಉತ್ತರ ಕೊಡಲಿಲ್ಲ. ಈ ಸಂಶಯವನ್ನು ಅಜ್ಞಾನವೆಂದು ತಳ್ಳಿಹಾಕುವ ವಿದ್ಯಾವಂತರು ಬಹಳ ಮಂದಿ ಇದ್ದಾರೆ. ಅದು ಅಜ್ಞಾನವಲ್ಲ. ಅದಕ್ಕೆ ಇದೇ ಮಣ್ಣಿನಲ್ಲಿ ಒಂದು ಚರಿತ್ರೆಯಿದೆ.

ಹಳೆಯದೊಂದು ಗಾಯ

ಹೊಸೂರಿನ ಬಳಿಯ ತೊರಪಳ್ಳಿ ರಾಜಾಜಿಯವರು ಹುಟ್ಟಿದ ಊರು. 1878ರಲ್ಲಿ ಅಲ್ಲಿ ಹುಟ್ಟಿ, ಹೊಸೂರಿನಲ್ಲಿ ಓದಿ, ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹೋದವರು. 1952ರಲ್ಲಿ ಅವರು ಮದರಾಸು ರಾಜ್ಯದ ಮುಖ್ಯಮಂತ್ರಿಗಳಾದರು. ಮರುವರ್ಷವೇ ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಒಂದು ಹೊಸ ಯೋಜನೆ ತಂದರು. ಮಗು ದಿನಕ್ಕೆ ಮೂರು ಗಂಟೆ ಮಾತ್ರ ಶಾಲೆಯಲ್ಲಿರಬೇಕು, ಉಳಿದ ಹೊತ್ತು ಮನೆಯ ಕಸುಬನ್ನು ತಾಯ್ತಂದೆಯರಿಂದ ಕಲಿಯಬೇಕು. ಶಾಲೆ ಎರಡು ಪಾಳಿಯಲ್ಲಿ ನಡೆದರೆ ಇರುವ ಕಟ್ಟಡದಲ್ಲೇ, ಇರುವ ಶಿಕ್ಷಕರಿಂದಲೇ ಎರಡರಷ್ಟು ಮಕ್ಕಳಿಗೆ ಪಾಠವಾಗುತ್ತದೆ ಎಂಬುದು ಅವರ ಲೆಕ್ಕ. ಲೆಕ್ಕವೇನೋ ಸರಿಯೇ. ಆದರೆ ಅಗಸನ ಮಗ ಬಟ್ಟೆಯ ಕಡೆಗೆ, ಕುಂಬಾರನ ಮಗ ತಿಗರಿಯ ಕಡೆಗೆ, ಕೂಲಿಯವನ ಮಗ ಕೂಲಿಗೇ ಎಂದಾಯಿತಲ್ಲ! ಪೆರಿಯಾರ್ ಮತ್ತು ದ್ರಾವಿಡ ಚಳವಳಿಯವರು ಇದಕ್ಕೆ ಕುಲಕಲ್ವಿ, ಅಂದರೆ ಜಾತಿಯ ಕಸುಬಿನ ವಿದ್ಯೆ ಎಂದು ಹೆಸರಿಟ್ಟರು. ರಾಜ್ಯದಾದ್ಯಂತ ಪ್ರತಿಭಟನೆಯಾಯಿತು. 1954ರ ಏಪ್ರಿಲ್‌ನಲ್ಲಿ ರಾಜಾಜಿ ಅಧಿಕಾರ ಬಿಟ್ಟರು. ಅವರ ನಂತರ ಬಂದ ಕಾಮರಾಜರು ಮುಂದಿನ ತಿಂಗಳೇ ಯೋಜನೆಯನ್ನು ಕೈಬಿಟ್ಟರು.

ಕೈಯಿಂದ ಕಲಿಯುವುದು ಕೆಟ್ಟದ್ದೆಂದು ಇದರ ಅರ್ಥವಲ್ಲ. 1937ರಲ್ಲಿ ವರ್ಧಾದಲ್ಲಿ ಗಾಂಧೀಜಿಯವರು ಮುಂದಿಟ್ಟ ಮೂಲಶಿಕ್ಷಣದಲ್ಲಿಯೂ ಕೈಕಸುಬೇ ಮುಖ್ಯ. ಆದರೆ ಅಲ್ಲಿ ಕಸುಬು ಶಾಲೆಯೊಳಗೇ ಬಂದು, ಎಲ್ಲ ಮಕ್ಕಳಿಗೂ ಒಂದೇ ಆಗಿ, ಲೆಕ್ಕ, ಭಾಷೆ, ವಿಜ್ಞಾನಗಳಿಗೆ ದಾರಿಯಾಗಬೇಕಿತ್ತು. ಯಾರ ಮಗುವಿನ ಕೈಗೆ ರಾಗಿ ಕೊಡುತ್ತೀರಿ, ಯಾರ ಮಗುವಿನ ಕೈಗೆ ಪುಸ್ತಕ ಕೊಡುತ್ತೀರಿ ಎಂಬ ಪ್ರಶ್ನೆಯಲ್ಲಿಯೇ ಎಲ್ಲವೂ ಇದೆ. ಗುಲಾಬಿ ಬೆಳೆಯುವ ಆ ತಂದೆ ಚರಿತ್ರೆ ಓದಿದವರಲ್ಲ, ಆದರೂ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದರು.

ಕಾರ್ಡು, ಏಣಿ, ಚಾಪೆ

ಈಗ ಆ ಶಾಲೆಯಲ್ಲಿ ನಡೆಯುತ್ತಿರುವ ಪಾಠದ ಮೂಲವನ್ನು ವಾಚಕರು ತಿಳಿಯಬೇಕು. ಅದು ರಾಜಾಜಿಯವರ ಯೋಜನೆಯಿಂದ ಬಂದದ್ದಲ್ಲ. ಆಂಧ್ರದ ಮದನಪಲ್ಲಿಯ ಬಳಿ ಜಿಡ್ಡು ಕೃಷ್ಣಮೂರ್ತಿಯವರ ಚಿಂತನೆಯಂತೆ ನಡೆಯುವ ರಿಷಿ ವ್ಯಾಲಿ ಶಾಲೆಯಿದೆ. ಅದರ ಸುತ್ತಲಿನ ಹಳ್ಳಿಗಳಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿಗಳು ಏಕೋಪಾಧ್ಯಾಯ ಶಾಲೆಗಳಿಗೆಂದು ಒಂದು ಕ್ರಮವನ್ನು ರೂಪಿಸಿದರು. ಒಬ್ಬರೇ ಶಿಕ್ಷಕರು, ಒಂದೇ ಕೋಣೆ, ಐದು ವರ್ಷದಿಂದ ಹನ್ನೊಂದು ವರ್ಷದವರೆಗಿನ ಮಕ್ಕಳು. ಎಲ್ಲರಿಗೂ ಒಂದೇ ಪಾಠ ಹೇಳುವುದು ಅಸಾಧ್ಯ. ಆದ್ದರಿಂದ ಅವರು ಪಾಠವನ್ನು ಸಣ್ಣ ಸಣ್ಣ ಕಾರ್ಡುಗಳಾಗಿ ಒಡೆದರು. ಯಾವ ಕಾರ್ಡಿನ ನಂತರ ಯಾವುದು ಎಂಬುದನ್ನು ಗೋಡೆಯ ಮೇಲೆ ಏಣಿಯಂತೆ ಬರೆದರು. ಮಗು ತಾನು ಎಲ್ಲಿದ್ದೇನೆಂದು ಏಣಿಯಲ್ಲಿ ನೋಡಿ, ತನ್ನ ಕಾರ್ಡನ್ನು ತಾನೇ ತೆಗೆದುಕೊಂಡು, ಅದಕ್ಕೆ ಹೊಂದುವ ಗುಂಪಿನಲ್ಲಿ ಕೂರುತ್ತದೆ.

ಕರ್ನಾಟಕದಲ್ಲಿ ಇದು ನಲಿ-ಕಲಿಯಾಯಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಯುನಿಸೆಫ್‌ನ ನೆರವಿನಿಂದ ರಿಷಿ ವ್ಯಾಲಿಗೆ ಹೋಗಿ ನೋಡಿ ಬಂದರು. ಆಮೇಲೆ ತಾವೇ ಕುಳಿತು ಕನ್ನಡದ ಕಾರ್ಡುಗಳನ್ನೂ ಹಾಡುಗಳನ್ನೂ ಮಾಡಿದರು. ಮೇಲಿನಿಂದ ಬಂದ ಸುತ್ತೋಲೆಯಲ್ಲ, ಶಿಕ್ಷಕರೇ ಕಟ್ಟಿದ ಪಾಠ. ಇದು ನಮ್ಮ ವೃತ್ತಿಯವರು ಹೆಮ್ಮೆಪಡಬೇಕಾದ ಸಂಗತಿ. 2009-10ರ ವೇಳೆಗೆ ಅದು ರಾಜ್ಯದ ಎಲ್ಲ ಸರಕಾರಿ ಕನ್ನಡ ಶಾಲೆಗಳ ಮೊದಲ ತರಗತಿಗಳಿಗೆ ಬಂತು.

ತಮಿಳುನಾಡಿಗೆ ಇದು ಬಂದದ್ದು ಚೆನ್ನೈ ನಗರಪಾಲಿಕೆಯ ಶಾಲೆಗಳ ಮೂಲಕ. 2003ರಲ್ಲಿ ಅಧಿಕಾರಿ ಎಂ. ಪಿ. ವಿಜಯಕುಮಾರ್ ಅವರ ಮುಂದಾಳುತನದಲ್ಲಿ ಅಲ್ಲಿನ ಶಿಕ್ಷಕರು ರಿಷಿ ವ್ಯಾಲಿಯ ಕ್ರಮವನ್ನು ಕಲಿತು ಬಂದರು. 2007ರಲ್ಲಿ ಅದು ಇಡೀ ರಾಜ್ಯದ ಸರಕಾರಿ ಪ್ರಾಥಮಿಕ ಶಾಲೆಗಳ ಒಂದರಿಂದ ನಾಲ್ಕನೆಯ ತರಗತಿಯವರೆಗೆ ವಿಸ್ತರಿಸಿತು. ಬೆಂಚುಗಳು ಹೋದವು, ಚಾಪೆ ಬಂದವು. ಗೋಡೆಯ ಕೆಳಭಾಗದಲ್ಲಿ, ಮಗುವಿನ ಕೈಗೆ ಎಟುಕುವಂತೆ ಉದ್ದಕ್ಕೂ ಕಪ್ಪುಹಲಗೆ ಬಂತು. ಶಿಕ್ಷಕರೂ ನೆಲದ ಮೇಲೆ ಕುಳಿತರು. ಕೊರೋನಾದಿಂದ ಶಾಲೆ ಮುಚ್ಚಿ ಮಕ್ಕಳು ಹಿಂದೆ ಬಿದ್ದ ಮೇಲೆ, 2022ರಲ್ಲಿ ಎಣ್ಣುಂ ಎಳುತ್ತುಂ, ಅಂದರೆ ಎಣಿಕೆ ಮತ್ತು ಬರಹ ಎಂಬ ಹೊಸ ಯೋಜನೆ ಮೂರನೆಯ ತರಗತಿಯವರೆಗೆ ಬಂತು. ಮರುವರ್ಷ ಅದು ನಾಲ್ಕು ಮತ್ತು ಐದನೆಯ ತರಗತಿಗಳಿಗೂ ಬಂತು. ಅದರಲ್ಲಿ ಮಕ್ಕಳನ್ನು ಕಲಿಕೆಯ ಮಟ್ಟಕ್ಕೆ ತಕ್ಕಂತೆ ಅರುಂಬು, ಮೊಟ್ಟು, ಮಲರ್ ಎಂದು ಮೂರು ಗುಂಪು ಮಾಡುತ್ತಾರೆ. ಎಳೆಮೊಗ್ಗು, ಮೊಗ್ಗು, ಹೂವು. ಹೂವು ಬೆಳೆಯುವ ಸೀಮೆಗೆ ಒಪ್ಪುವ ಹೆಸರೇ.

ಇದರ ಅತಿ ದೊಡ್ಡ ಗುಣವೊಂದನ್ನು ಪಟ್ಟಣದವರು ಗಮನಿಸುವುದಿಲ್ಲ. ಕೊಯ್ಲಿನ ಸಮಯದಲ್ಲಿಯೋ ಕಾಯಿಲೆಯಾಗಿಯೋ ಹದಿನೈದು ದಿನ ಶಾಲೆ ತಪ್ಪಿಸಿದ ಮಗು, ನಮ್ಮ ಕಾಲದಲ್ಲಾದರೆ ಪಾಠ ಮುಂದೆ ಹೋಗಿ ದಡ್ಡನೆನಿಸಿಕೊಂಡು ಹಿಂದಿನ ಬೆಂಚು ಸೇರುತ್ತಿತ್ತು. ಏಣಿಯ ಕ್ರಮದಲ್ಲಿ ಅದು ಬಿಟ್ಟ ಕಾರ್ಡಿನಿಂದಲೇ ಮತ್ತೆ ಶುರುಮಾಡುತ್ತದೆ.

ನನ್ನದೇ ತಪ್ಪು

ನಾನು ಇದನ್ನು ಮೊದಲಿನಿಂದಲೂ ಮೆಚ್ಚಿದವನಲ್ಲ. ನಮ್ಮ ಶಾಲೆಗೆ ನಲಿ-ಕಲಿ ಬಂದಾಗ ನನ್ನ ಸೇವಾವಧಿ ಇನ್ನು ಕೆಲವೇ ವರ್ಷ ಉಳಿದಿತ್ತು. ಕಾರ್ಡುಗಳು ಹರಿದುಹೋದಾವೆಂದು ಬೀರುವಿನಲ್ಲಿಟ್ಟು ಬೀಗ ಹಾಕಿ, ಸಾಹೇಬರು ಬರುವ ದಿನ ಮಾತ್ರ ಹರಡುತ್ತಿದ್ದೆ. ಉಳಿದ ದಿನ ಬೋರ್ಡಿನ ಮೇಲೆ ಬರೆಯುವುದು, ಮಕ್ಕಳಿಂದ ನಕಲು ಮಾಡಿಸುವುದು. ಕೋಣೆ ಗದ್ದಲವಿಲ್ಲದೆ ಇರುತ್ತಿತ್ತು. ಅದನ್ನೇ ಶಿಸ್ತು ಎಂದುಕೊಂಡಿದ್ದೆ.

ಅಕ್ಷರಗಳ ವಿಷಯದಲ್ಲಿ ನನ್ನ ಮನಸ್ಸು ಬದಲಾಯಿತು. ನಲಿ-ಕಲಿಯಲ್ಲಿ ಅ ಆ ಇ ಈ ಎಂದು ಶುರುವಾಗುವುದಿಲ್ಲ. ಮೊದಲ ಅಕ್ಷರಗಳು ರ, ಗ, ಸ, ದ, ಅ. ಇದೆಂಥ ಅನಾಚಾರ ಎಂದು ನಾನೂ ಗೊಣಗಿದ್ದೆ. ಒಂದು ದಿನ ಹುಡುಗಿಯೊಬ್ಬಳು ಈ ಐದೇ ಅಕ್ಷರ ಕಲಿತ ವಾರದಲ್ಲಿ ನೆಲದ ಮೇಲೆ ಸೀಮೆಸುಣ್ಣದಿಂದ ಅರಸ, ಸರ, ಅಗಸ, ಗರಗಸ ಎಂದು ಬರೆದು, ಓದಿ, ನಕ್ಕಳು. ನಮ್ಮ ಕ್ರಮದಲ್ಲಿ ಸ್ವರಗಳನ್ನೆಲ್ಲ ಮುಗಿಸಿ ವ್ಯಂಜನಕ್ಕೆ ಬರುವ ಹೊತ್ತಿಗೆ ತಿಂಗಳುಗಳೇ ಕಳೆಯುತ್ತಿದ್ದವು. ಆವರೆಗೆ ಮಗು ಒಂದು ಪದವನ್ನೂ ತಾನಾಗಿ ಓದುತ್ತಿರಲಿಲ್ಲ. ವರ್ಣಮಾಲೆ ಪವಿತ್ರವಾದದ್ದು, ನಿಜ. ಅದನ್ನು ಆಮೇಲೆ ಕಲಿಸಬಹುದು. ಮರುದಿನ ಬೀರುವಿನ ಬೀಗ ತೆಗೆದೆ. ಎರಡು ವರ್ಷದಲ್ಲಿ ಅರ್ಧ ಕಾರ್ಡುಗಳು ಹರಿದವು, ಅಂಟಿಸಿಕೊಂಡು ನಡೆಸಿದೆವು.

ಹೊಳೆಯ ನೊರೆ

ಹುಡುಗನ ತಂದೆಗೆ ನಾನು ಹೇಳಿದ್ದಿಷ್ಟೆ: ಸಾಲ ಮಾಡುವ ಮುಂಚೆ ಒಂದು ಸಲ ಶಾಲೆಗೆ ಹೋಗಿ ಕುಳಿತು ನೋಡೋಣ ಬನ್ನಿ. ರಜೆ ಮುಗಿದ ಮೊದಲ ದಿನ ಇಬ್ಬರೂ ಹೋದೆವು. ಮೂರು ಮತ್ತು ನಾಲ್ಕನೆಯ ತರಗತಿ ಒಟ್ಟಿಗೆ, ಒಬ್ಬರೇ ಟೀಚರು. ಹೊಸೂರಿನ ಕಡೆಯವರೇ. ಬಾಗಿಲ ಬಳಿ ನಮಗೆ ಚಾಪೆ ಹಾಕಿಸಿದರು.

ಅಂದಿನ ಮಾತು ಕೆಳವರಪಳ್ಳಿ ಅಣೆಕಟ್ಟಿನ ನೊರೆಯ ಮೇಲೆ. ದಕ್ಷಿಣ ಪಿನಾಕಿನಿ ನಂದಿಬೆಟ್ಟದ ಕಡೆ ಹುಟ್ಟಿ, ಬೆಂಗಳೂರಿನ ಪೂರ್ವಕ್ಕೆ ಹರಿದು, ಬೆಳ್ಳಂದೂರು, ವರ್ತೂರು ಕೆರೆಗಳ ಕಡೆಯ ನೀರನ್ನು ಸೇರಿಸಿಕೊಂಡು ಹೊಸೂರಿನ ಬಳಿ ಈ ಅಣೆಕಟ್ಟಿಗೆ ಬರುತ್ತದೆ. ಮಳೆ ಬಂದು ನೀರು ಬಿಟ್ಟಾಗ ಹೊಳೆಯ ಮೇಲೆ ಆಳೆತ್ತರದ ಬಿಳಿ ನೊರೆ ನಿಲ್ಲುವುದನ್ನು ಆ ಮಕ್ಕಳೆಲ್ಲ ಕಂಡವರೇ. ಟೀಚರು ಮೂರು ಸೀಸೆ ಇಟ್ಟಿದ್ದರು. ಒಂದರಲ್ಲಿ ಬಾವಿಯ ನೀರು, ಒಂದರಲ್ಲಿ ಬಟ್ಟೆ ಒಗೆದ ನೀರು, ಒಂದರಲ್ಲಿ ಹೊಳೆಯ ನೀರು. ಮಕ್ಕಳು ಸರದಿಯಂತೆ ಅಲ್ಲಾಡಿಸಿ, ನೊರೆ ಎಷ್ಟು ಹೊತ್ತು ನಿಂತಿತೆಂದು ಎಣಿಸಿದರು.

"ಸೋಪು ಮಿಸ್" ಎಂದ ಒಬ್ಬ.

"ಅಷ್ಟೊಂದು ಸೋಪು ನಮ್ಮೂರಲ್ಲಿ ಎಲ್ಲೈತೆ?" ಎಂದಳು ಇನ್ನೊಬ್ಬಳು.

"ಬೆಂಗಳೂರಿಂದ ಬರ್ತದೆ. ನಮ್ಮ ಚಿಕ್ಕಪ್ಪ ಅಲ್ಲೇ ಇರೋದು."

"ಹಂಗಾದ್ರೆ ನಿಮ್ಮ ಚಿಕ್ಕಪ್ಪಂದೂ ಸೇರೈತೆ."

ಎಲ್ಲರೂ ನಕ್ಕರು. ನನ್ನ ಪಕ್ಕದಲ್ಲಿ ಕುಳಿತ ತಂದೆ ನಗಲಿಲ್ಲ. ಆ ನೀರೇ ಅವರ ಗುಲಾಬಿ ಗಿಡಕ್ಕೆ ಹೋಗುವುದು. ಮಳೆಗಾಲದಲ್ಲಿ ನೀರು ಹೆಚ್ಚಾದರೆ ಸೋಪು ತೆಳುವಾಗಬೇಕಲ್ಲ, ನೊರೆ ಯಾಕೆ ಹೆಚ್ಚುತ್ತದೆ ಎಂದು ಅವರ ಮಗ ಕೇಳಿದ. ಟೀಚರು ಅವನ ಕೈಗೆ ಮತ್ತೆ ಸೀಸೆ ಕೊಟ್ಟರು. ನಿಧಾನವಾಗಿ ಓರೆ ಮಾಡಿದಾಗ ನೊರೆಯಿಲ್ಲ, ಜೋರಾಗಿ ಕುಲುಕಿದಾಗ ಉಕ್ಕಿತು. ಅಣೆಕಟ್ಟಿನ ಬಾಗಿಲಿನಿಂದ ನೀರು ಧುಮುಕುವುದನ್ನು ಮಕ್ಕಳೇ ಸೇರಿಸಿ ಹೇಳಿದರು. ಆಮೇಲೆ ನಾಲ್ಕನೆಯವರು ಹೊಳೆಯ ದಾರಿಯ ನಕ್ಷೆ ಬರೆದರು, ಮೂರನೆಯವರು ಐದು ವಾಕ್ಯ ಬರೆದರು. ಪುಸ್ತಕವನ್ನೂ ತೆರೆದರು, ಆದರೆ ಕೊನೆಯಲ್ಲಿ.

ಈ ಗಲಾಟೆಯ ಪಾಠವೆಲ್ಲ ಸಾಧ್ಯವಾದದ್ದು ಅದು ಕನ್ನಡದಲ್ಲಿ ನಡೆದದ್ದರಿಂದ. ನಕಲು ಮಾಡುವ ಪಾಠಕ್ಕೆ ಯಾವ ಭಾಷೆಯಾದರೂ ನಡೆಯುತ್ತದೆ. ತಂಗಿಯ ಮೊಮ್ಮಗ ಅರ್ಥ ತಿಳಿಯದ ಇಂಗ್ಲಿಷ್ ಉತ್ತರವನ್ನು ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಾನೆ. ಆದರೆ "ನಿಮ್ಮ ಚಿಕ್ಕಪ್ಪಂದೂ ಸೇರೈತೆ" ಎಂದು ವಾದ ಮಾಡಲು ಮನೆಮಾತೇ ಬೇಕು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಮಾಡಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿಸಿದ 350ಎ ವಿಧಿ ಹೇಳುತ್ತದೆ. ತಮಿಳುನಾಡು ಸರಕಾರ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನು ಅಚ್ಚುಹಾಕಿಸುತ್ತದೆ. 2006ರ ಕಾನೂನಿನಂತೆ ತಮಿಳು ಒಂದನೆಯ ತರಗತಿಯಿಂದ ಕಡ್ಡಾಯ ವಿಷಯವಾಗಿದೆ. ಅಲ್ಲಿ ಬದುಕುವವರು ತಮಿಳು ಕಲಿಯಬೇಕಾದದ್ದು ನ್ಯಾಯವೇ. ಹತ್ತನೆಯ ತರಗತಿಯ ಪರೀಕ್ಷೆಯ ವಿಷಯದಲ್ಲಿ ಅಲ್ಪಸಂಖ್ಯಾತರ ಅಹವಾಲು ನ್ಯಾಯಾಲಯದವರೆಗೆ ಹೋಗಿದೆ, ಅದು ಬೇರೆ ಕಥೆ. ಹಳ್ಳಿಯ ಕನ್ನಡ ಶಾಲೆಯನ್ನು ಬರಿದು ಮಾಡುತ್ತಿರುವುದು ತಮಿಳಲ್ಲ, ವ್ಯಾನು.

ಪಾಠ ಮುಗಿದ ಮೇಲೆ ತಂದೆ ಟೀಚರನ್ನು ಒಂದೇ ಮಾತು ಕೇಳಿದರು: "ಇವನು ಐದು ಮುಗಿಸಿದ ಮೇಲೆ?"

ಆಕೆ ಮುಚ್ಚುಮರೆ ಮಾಡಲಿಲ್ಲ. "ಆರರಿಂದ ಬೇರೆ ಶಾಲೆ ಅಣ್ಣಾ. ಅಲ್ಲಿ ಇಷ್ಟು ಮಾತಾಡೋಕೆ ಬಿಡ್ತಾರೋ ಇಲ್ಲವೋ ನಾನು ಹೇಳಲಾರೆ. ಇಲ್ಲೂ ದಿನಾ ಹೀಗೆ ಆಗಲ್ಲ. ಎರಡು ಕ್ಲಾಸು ಒಬ್ಬಳೇ ನೋಡಬೇಕು, ರಿಜಿಸ್ಟರ್ ಬರೀಬೇಕು. ಕೆಲವು ದಿನ ಬರೀ ಬರವಣಿಗೇನೇ."

ಈ ಕ್ರಮದ ದೌರ್ಬಲ್ಯವೆಲ್ಲ ಆಕೆಯ ಮಾತಿನಲ್ಲಿದೆ. ಗಮನ ಕೊಡಲು ಶಿಕ್ಷಕರಿಗೆ ಪುರಸತ್ತಿಲ್ಲದಿದ್ದರೆ ಕಾರ್ಡು ಬರೀ ಕಾಗದ. ಮಗು ಕಾರ್ಡು ದಾಟಿತೆಂದು ಗುರುತು ಬೀಳುತ್ತದೆ, ಕಲಿತಿರುವುದಿಲ್ಲ. ಇನ್ನು ಒಂಬತ್ತರಿಂದ ಹನ್ನೆರಡರ ವಯಸ್ಸು "ಯಾಕೆ" ಎಂದು ಕೇಳುವ ವಯಸ್ಸು, ವಾದಮಾಡಿ ತೂಗಿನೋಡುವ ಶಕ್ತಿ ಬರುವ ವಯಸ್ಸು. ಅಲ್ಲಿಗೇ ನಾವು ಚಾಪೆ ಸುತ್ತಿ ಬೆಂಚು ಹಾಕುತ್ತೇವೆ. ಮಧ್ಯಪ್ರದೇಶದ ಹೋಶಂಗಾಬಾದಿನಲ್ಲಿ 1972ರಿಂದ ಆರರಿಂದ ಎಂಟನೆಯ ತರಗತಿಯ ಹಳ್ಳಿ ಮಕ್ಕಳು ಪ್ರಯೋಗ ಮಾಡಿ, ಚರ್ಚಿಸಿ ವಿಜ್ಞಾನ ಕಲಿತರು. ಮೂವತ್ತು ವರ್ಷ ನಡೆದ ಆ ಕಾರ್ಯಕ್ರಮವನ್ನು ಸರಕಾರವೇ 2002ರಲ್ಲಿ ನಿಲ್ಲಿಸಿತು. ಆಗುವುದಿಲ್ಲವೆಂದಲ್ಲ, ಉಳಿಸಿಕೊಳ್ಳುವುದಿಲ್ಲ.

ದಾರಿಯಲ್ಲಿ ಬರುವಾಗ ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಐದರ ತನಕ ಇಲ್ಲೇ ಇರಲಿ ಮೇಷ್ಟ್ರೇ. ಸಾಲ ಆರಕ್ಕೆ ನೋಡೋಣ" ಎಂದರು. ಅವರ ಹೆಂಡತಿಗೆ ಅಷ್ಟು ಸಮಾಧಾನವಾಗಲಿಲ್ಲ. "ಇಂಗ್ಲಿಷ್ ಯಾರು ಹೇಳಿಕೊಡ್ತಾರೆ?" ಎಂದು ಆಕೆ ಕೇಳಿದ್ದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರವಿರಲಿಲ್ಲ. ನನ್ನ ತಂಗಿಯೇ ನಡುವೆ ಬಾಯಿಹಾಕಿ, ಸಂಜೆ ನಮ್ಮ ಹುಡುಗನ ಜೊತೆ ಕೂರಿಸಿ, ಇಬ್ಬರೂ ಓದಲಿ ಎಂದಳು.

ನಾನು ಹೊರಡುವ ದಿನ ಇಬ್ಬರೂ ಜಗಲಿಯ ಮೇಲೆ ಇದ್ದರು. ನಮ್ಮ ಹುಡುಗ ಇಂಗ್ಲಿಷ್ ಪುಸ್ತಕದಿಂದ ನದಿಯ ಪಾಠವನ್ನು ಜೋರಾಗಿ ಓದುತ್ತಿದ್ದ. ಮತ್ತೊಬ್ಬ ಕೈಯಲ್ಲಿ ಸೀಸೆ ಹಿಡಿದುಕೊಂಡು, "ಅದರಲ್ಲಿ ನೊರೆ ವಿಷಯ ಎಲ್ಲಿ ಬರೆದವ್ರೆ, ತೋರಿಸು" ಎಂದು ಕೇಳುತ್ತಿದ್ದ.